ಕಡ್ಡಿ ಗೀರಿ ಹಚ್ಚಿದ ಒಲೆ

ಬನಹಟ್ಟಿಯ ನೇಕಾರ ಓಣಿಯ ಅನಸವ್ವನಿಗೆ ಒಂದು ಕಡೆ ನಿಂತು ಗೊತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಮಗ್ಗದ ಕೋಣೆಗೆ ಇಣುಕಿ ಬರುವಳು, ಅಲ್ಲಿಂದ ಹಿತ್ತಲಿಗೆ, ಹಿತ್ತಲಿನಿಂದ ಬೀದಿ ಬಾಗಿಲಿಗೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿರುತ್ತಿತ್ತು, ಬೈಗುಳ ಮಾತ್ರ ಸೊಸೆಯಂದಿರಿಗೆ ಬೀಳುತ್ತಿತ್ತು. ಲಾಳಿಯ ಸದ್ದು ಒಂದು ಗಳಿಗೆ ನಿಂತರೆ ಅಡುಗೆಮನೆಯಿಂದಲೇ "ಯಾಕ, ಕೈಗೇನ ದಾಡಿ ಆತು?" ಎಂದು ಮಕ್ಕಳಿಗೆ ಕೂಗು ಹಾಕುವಳು. ಆ ಕೂಗಿಗೆ ಎದುರು ಮನೆಯ ಮಗ್ಗವೂ ಚುರುಕಾಗುತ್ತಿತ್ತಂತೆ.

ಅವಳನ್ನು ಆಡಿಕೊಳ್ಳುವವರು ಒಂದನ್ನು ಮರೆಯುತ್ತಿದ್ದರು. ಗಂಡ ರಾಮಲಿಂಗಪ್ಪ ಸತ್ತಾಗ ದೊಡ್ಡ ಮಗ ಗಿರಮಲ್ಲಪ್ಪನ ಕಾಲು ಮಗ್ಗದ ಕುಣಿಯೊಳಗಿನ ಹಲಗೆಗೆ ಮುಟ್ಟುತ್ತಿರಲಿಲ್ಲ. ಸಣ್ಣವ ಚನಮಲ್ಲಪ್ಪ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅದೇ ವರ್ಷ ಮೈದುನರಿಬ್ಬರೂ ಬೇರೆಯಾದರು. ಆ ಮನೆತನದಲ್ಲಿ ಬೇರೆಯಾಗುವುದಕ್ಕೆ ಒಂದು ರೀತಿಯಿತ್ತು. ಹಿರಿಯರ ಒಲೆಯಿಂದ ಕೆಂಡ ತೆಗೆದುಕೊಂಡು ಹೋಗಿ ಹೊಸ ಒಲೆಗೆ ಹಾಕಬೇಕು. ಪಂಚರು ಏನೇ ಹೇಳಲಿ, ಕಾಗದ ಎಷ್ಟೇ ಆಗಲಿ, ಕೆಂಡ ಹೊಸ್ತಿಲು ದಾಟುವ ತನಕ ಮನೆ ಒಂದೇ. ದಾಟಿತೋ, ಮುಗಿಯಿತು. ಇಬ್ಬರು ಮೈದುನರ ಹೆಂಡಿರು ಬೋಗುಣಿಯಲ್ಲಿ ಕೆಂಡ ಹಿಡಿದು ಹೋದದ್ದನ್ನು ಅನಸವ್ವ ಕಂಬಕ್ಕೆ ಒರಗಿ ನೋಡಿದ್ದಳು. ಉಳಿದದ್ದು ಒಂದು ಮಗ್ಗ, ಮುದಿ ಅತ್ತೆ, ಎರಡು ಮಕ್ಕಳು. ತಾನು ಬದುಕಿರುವ ತನಕ ಈ ಒಲೆಯಿಂದ ಇನ್ನೊಂದು ಕೆಂಡ ಹೊರಗೆ ಹೋಗಬಾರದು ಎಂದು ಆವತ್ತು ಹಟ ತೊಟ್ಟವಳು ನೂಲು ಸುತ್ತಿ, ಬಣ್ಣ ಹಾಕಿ, ಕಂಡವರ ಮನೆಯ ಮಗ್ಗಕ್ಕೆ ಹಾಸುನೂಲು ಹೂಡಿ ಎರಡನೆಯ ಮಗ್ಗ ಕೂಡಿಸಿದಳು, ಅತ್ತೆಯನ್ನು ಕಡೆಯ ತನಕ ಸಾಕಿದಳು, ಮಕ್ಕಳಿಬ್ಬರಿಗೂ ಮದುವೆ ಮಾಡಿದಳು. ಒಂದೇ ಒಲೆ, ಒಂದೇ ಹಂಚು, ಎಂಟು ಬಾಯಿ. ಅದು ಅವಳ ಸಂಪಾದನೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಚಳಿಗಾಲ ಹುಟ್ಟುವ ಹೊತ್ತಿಗೆ ರಬಕವಿ ಪೇಟೆಯ ಕಡೆ ಇಲಿ ಸತ್ತು ಬಿದ್ದವು ಅಂದರು. ನಾಲ್ಕು ದಿನ ಕಳೆಯುವುದರೊಳಗೆ ಬನಹಟ್ಟಿಯ ಕಾಳಿನ ಅಂಗಡಿಗಳಲ್ಲೂ ಬಿದ್ದವು. ಆಮೇಲೆ ಮನುಷ್ಯರಿಗೆ ತೊಡೆಸಂದಿಯಲ್ಲಿ ಗಂಟು ಎದ್ದು ಜ್ವರ ಬಂತು, ಪ್ಲೇಗು. ಡಂಗುರ ಸಾರಿದರು: ಎಲ್ಲರೂ ಊರು ಬಿಡಬೇಕು, ಸೂಜಿ ಹಾಕಿಸಿಕೊಳ್ಳಬೇಕು. ಜನ ಊರ ಪಡುವಣದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಗಳ, ತಟ್ಟಿ ಸರಕಾರವೇ ಕೊಟ್ಟಿತು. ರೈತನಾದರೆ ಎತ್ತು ಹೊಡೆದುಕೊಂಡು ಹೋದಾನು, ಅಂಗಡಿಯವನು ತಕ್ಕಡಿ ಹಿಡಿದುಕೊಂಡು ಹೋದಾನು. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗವನ್ನು ನೇಕಾರ ಹೆಗಲ ಮೇಲೆ ಹೊತ್ತು ಹೋಗುತ್ತಾನೆಯೇ? ಅರ್ಧ ನೇಯ್ದ ಸೀರೆಗಳನ್ನು ಮಗ್ಗದ ಮೇಲೇ ಬಿಟ್ಟು, ಬಾಗಿಲಿಗೆ ಕೀಲಿ ಜಡಿದು, ಓಣಿಗೆ ಓಣಿಯೇ ಬರಿಗೈಯಲ್ಲಿ ಹೊಲಕ್ಕೆ ಬಂದಿತು.

ಅದನ್ನು ತಿಳಿದೇ ಸರಕಾರ ವಾರಕ್ಕೊಮ್ಮೆ ಜೋಳ, ಉಪ್ಪು, ಚಿಮಣಿ ಎಣ್ಣೆ ಕೊಡಲು ಹೊರಟಿತು. ಹಂಚುವುದಕ್ಕೆ ಜಮಖಂಡಿ ಕಚೇರಿಯಿಂದ ಶ್ರೀಧರರಾವ್ ಎಂಬ ಕಾರಕೂನರು ಬಂದರು. ಮರಾಠಿ ಬೆರೆತ ಕನ್ನಡ, ಕೊಡೆ, ಮೂಗಿಗೆ ಕರ್ಪೂರದ ಕರವಸ್ತ್ರ. ಮನುಷ್ಯ ಒಳ್ಳೆಯವರೇ. ಆದರೆ ಗುಡಿಸಲುಗಳ ತುಂಬ ಮಕ್ಕಳು ಆಚೆಯಿಂದ ಈಚೆ ಓಡಾಡುತ್ತಿದ್ದವು, ಒಂದೇ ಕೂಸನ್ನು ಮೂರು ಮನೆಯವರು ತಮ್ಮದೆಂದು ಎತ್ತಿ ತೋರಿಸುತ್ತಿದ್ದರು. ಅವರಿಗೆ ರೋಸಿಹೋಯಿತು.

"ತಲೆ ಎಣಿಸೋದು ನನ್ನಿಂದ ಸಾಧ್ಯ ಇಲ್ಲ ನೋಡ್ರಿ," ಎಂದು ಘೋಷಿಸಿದರು. "ನಾಳಿಂದ ಹೊಗೆ ಎಣಿಸ್ತೇನಿ. ಒಲಿಗೆ ಒಂದು ಪಾಲು."

ಮುಂಜಾನೆ ದಿನ್ನೆಯ ಮೇಲೆ ನಿಂತು ಹೊಗೆ ಎಣಿಸುವುದು, ಆಮೇಲೆ ಕೆಳಗಿಳಿದು ಒಲೆಯ ಮೇಲೆ ಗಡಿಗೆ ಇದೆಯೋ ಇಲ್ಲವೋ ಬಗ್ಗಿ ನೋಡುವುದು, ಗುಡಿಸಲಿಗೆ ಸುಣ್ಣದ ಗುರುತು ಹಾಕುವುದು: ಇದು ಕ್ರಮವಾಯಿತು. ಹೊಗೆ ಎಣಿಸುತ್ತಾರೆಂದು ಗೊತ್ತಾದ ಮೇಲೆ ಹೊಗೆಗೇನು ಬರ? ಒಂದೊಂದು ಗುಡಿಸಲಿಗೆ ಎರಡೆರಡು ಹೊಗೆಯ ಬಾಲ ಹುಟ್ಟಿದವು. ಅದೇ ಓಣಿಯ ನೇಕಾರ ಬಸಗೊಂಡಪ್ಪನಂತೂ ಹೆಂಡತಿಯೊಡನೆ ಜಗಳ ತೆಗೆದು ಬೇವಿನ ಗಿಡದ ಬುಡಕ್ಕೆ ತನ್ನದೇ ಒಲೆ ಹೂಡಿಕೊಂಡ. ಜಗಳ ಖರೆಯದೋ ಸರಕಾರದ ಮುಂದಿನದೋ ಎಂಬುದು ಅವನ ಹೆಂಡತಿಗೂ ಕಡೆಯ ತನಕ ತಿಳಿಯಲಿಲ್ಲ.

ಅನಸವ್ವನದು ಒಂದೇ ಹೊಗೆ. ಇಬ್ಬರೇ ಇದ್ದ ಮನೆಗೂ ಒಂದು ಪಾಲು, ಎಂಟು ಬಾಯಿಯ ಇವಳ ಮನೆಗೂ ಒಂದೇ ಪಾಲು. ವಾರದ ನಡುವೆಯೇ ಜೋಳದ ಚೀಲ ತಳ ಕಾಣುತ್ತಿತ್ತು.

"ಯವ್ವಾ, ನಾವೂ ಒಂದು ಒಲಿ ಹೂಡೂಣು ಬೇ," ಎಂದ ಗಿರಮಲ್ಲಪ್ಪ. "ತಮ್ಮಂದು ಬ್ಯಾರೆ ಅಂತ ತೋರಿಸಿದ್ರ ಆತು."

"ಬಾಯಿ ಮುಚ್ಚಲೇ! ಬ್ಯಾರೆ ಅನ್ನೂ ಮಾತು ನನ್ನ ಮುಂದ ಆಡಬ್ಯಾಡ."

ಹೇಳಿದಳೇನೋ ಸರಿ. ಆದರೆ ಮೊಮ್ಮಕ್ಕಳು ಸಂಜೆ ಅಂಬಲಿಯ ಬೋಗುಣಿ ನೆಕ್ಕಿ, ಮತ್ತೆ ನೆಕ್ಕಿ, ಅಜ್ಜಿಯ ಮುಖ ನೋಡತೊಡಗಿದಾಗ ಅವಳ ಹಟ ಸಡಿಲಾಯಿತು. ದಿನವಿಡೀ ಗುಡಿಸಲಿನ ಸುತ್ತ ಸುತ್ತಿದಳು. ನೇಯ್ಗೆಯಿಲ್ಲ, ಬೈಯಲಿಕ್ಕೆ ಲಾಳಿಯ ಸದ್ದೂ ಇಲ್ಲ, ತಲೆಯೊಳಗೆ ಇದೊಂದೇ ಗಿರಣಿ. ಕಡೆಗೆ ಅವಳಿಗೇ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಆ ಮನೆತನದವರಿಗಲ್ಲದೆ ಬೇರೆಯವರಿಗೆ ಹೊಳೆಯುವಂಥದ್ದಲ್ಲ. ಸಣ್ಣ ಮಗನಿಗೆ ಪಕ್ಕದಲ್ಲೇ ಇನ್ನೊಂದು ಸಣ್ಣ ಗುಡಿಸಲು ಹಾಕಿಸಿ, ಅವನ ಹೆಂಡತಿ ಮಾದೇವಿಯನ್ನು ಕರೆದು ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟಳು.

"ಇದು ಸರಕಾರದ ಒಲಿ, ತಿಳೀತಿಲ್ಲ? ನಮ್ಮದಲ್ಲ. ನನ್ನ ಒಲ್ಯಾಗಿನ ಕೆಂಡ ಮುಟ್ಟಬ್ಯಾಡ. ಮುಂಜಾನಿ ಕಡ್ಡಿ ಗೀರಿ ಹಚ್ಚು. ಅಡಿಗಿ ಆದ ಕೂಡಲೇ ನೀರ ಹಾಕಿ ಆರಸು. ನಾಳಿಗಿ ಮತ್ತ ಕಡ್ಡಿ ಗೀರು."

"ಹೂಂನ್ರಿ ಅತ್ತಿ," ಎಂದಳು ಮಾದೇವಿ.

ಕೆಂಡ ದಾಟದಿದ್ದರೆ ಮನೆ ಒಡೆಯುವುದಿಲ್ಲ. ಕಡ್ಡಿಯ ಬೆಂಕಿಗೆ ತಾಯಿಯೂ ಇಲ್ಲ ತಂದೆಯೂ ಇಲ್ಲ. ಸರಕಾರಕ್ಕೂ ಹೊಗೆ ಸಿಕ್ಕಿತು, ತನ್ನ ಹಟಕ್ಕೂ ಭಂಗ ಬರಲಿಲ್ಲ. ಅನಸವ್ವ ತನ್ನ ಜಾಣತನಕ್ಕೆ ತಾನೇ ಬೀಗಿದಳು.

ಮಾದೇವಿ ಮಹಾಲಿಂಗಪುರದ ಹುಡುಗಿ. ಮದುವೆಯಾಗಿ ಮೂರು ವರ್ಷ, ಇನ್ನೂ ಮಕ್ಕಳಿಲ್ಲ, ಮಾತು ಕಡಿಮೆ. ಮನೆಯಲ್ಲಿ ಮೊದಲು ಗಂಡಸರು ಉಣ್ಣಬೇಕು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಆಮೇಲೆ ದೊಡ್ಡ ಸೊಸೆ ಇಂದ್ರವ್ವ. ಮಾದೇವಿಯ ಪಾಳಿ ಬರುವ ಹೊತ್ತಿಗೆ ಬುಟ್ಟಿಯಲ್ಲಿ ತಣ್ಣಗಿನ ಎರಡು ರೊಟ್ಟಿ, ಗಡಿಗೆಯ ತಳದಲ್ಲಿ ಸೌಟಿಗೆ ಸಿಗದಷ್ಟು ಪಲ್ಯ. ಯಾರಿಗೂ ಅವಳ ಮೇಲೆ ದ್ವೇಷವಿರಲಿಲ್ಲ. ಸಣ್ಣ ಸೊಸೆಯೆಂದರೆ ಹಾಗೆಯೇ ಎಂದು ಎಲ್ಲರೂ ತಿಳಿದಿದ್ದರು, ಅವಳೂ ಸೇರಿ.

ಈಗ ಕಾರಕೂನರು ಬಗ್ಗಿ ನೋಡುವುದರಿಂದ ಬರೀ ಹೊಗೆ ಸಾಲದಾಯಿತು, ಗಡಿಗೆಯಲ್ಲಿ ಏನಾದರೂ ಬೇಯಬೇಕು. ಮಾದೇವಿ ತನಗೂ ಗಂಡನಿಗೂ ಬೇರೆಯೇ ಬೇಯಿಸತೊಡಗಿದಳು. ತನ್ನ ಪಾಲಿನ ಜೋಳದಲ್ಲಿ ಅರ್ಧವನ್ನು ದೊಡ್ಡ ಒಲೆಗೆ ತಪ್ಪದೆ ಕೊಡುತ್ತಿದ್ದಳು, ಅದರಲ್ಲಿ ತಕರಾರಿಲ್ಲ. ಉಳಿದುದರಲ್ಲಿ ಇಬ್ಬರದು ನಡೆಯುತ್ತಿತ್ತು. ಹೊಲದ ಬದುವಿನಿಂದ ಸೊಪ್ಪು ತಂದು, ಹಸಿಮೆಣಸಿನಕಾಯಿ ಕುಟ್ಟಿ ಹಾಕಿ ಏನೋ ಮಾಡುವಳು, ಅದರ ವಾಸನೆ ನಾಲ್ಕು ಗುಡಿಸಲಿನಾಚೆಗೂ ಹೋಗುವುದು. ಅನಸವ್ವ ದಿನಕ್ಕೆ ಹತ್ತು ಸಲ ನೆವ ತೆಗೆದು ಅತ್ತ ಹೋಗಿ ಮುಚ್ಚಳ ಎತ್ತಿ ನೋಡುವಳು. "ಉಪ್ಪು ಕಡಿಮಿ," ಅನ್ನುವಳು, ರುಚಿ ನೋಡದೆ.

ಒಂದು ಮಧ್ಯಾಹ್ನ ಹೀಗೇ ಹೋದಾಗ ತಟ್ಟಿಯ ಆಚೆ ನಗು ಕೇಳಿಸಿತು. ಚನಮಲ್ಲಪ್ಪ ನಗುತ್ತಿದ್ದ. ಅವನು ನಗುವವನೆಂಬುದೇ ತಾಯಿಗೆ ಮರೆತುಹೋಗಿತ್ತು. ಸಂದಿಯಲ್ಲಿ ನೋಡಿದರೆ ಗಂಡ ಹೆಂಡತಿ ಎದುರುಬದುರು ಕೂತು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಅನಸವ್ವ ಕೆಮ್ಮಲಿಲ್ಲ, ಒಳಗೂ ಹೋಗಲಿಲ್ಲ. ತಿರುಗಿ ಬಂದು ಇಂದ್ರವ್ವನ ಮೇಲೆ ವಿನಾಕಾರಣ ಹರಿಹಾಯ್ದಳು. ಭಯವೋ ಸಿಟ್ಟೋ ಅವಳಿಗೆ ಬಿಡಿಸಿಕೊಳ್ಳಲು ಆಗಲಿಲ್ಲ.

ಅಕಾಲದಲ್ಲಿ ಒಂದು ಮಳೆ ಉದುರಿ ಅನಸವ್ವನ ಒಲೆ ನೆನೆದು ಆರಿಹೋಯಿತು. ಕಡ್ಡಿಪೆಟ್ಟಿಗೆ ಕೇಳಲು ಸಣ್ಣ ಗುಡಿಸಲಿಗೆ ಹೋದಳು. ಮಾದೇವಿ ತಟ್ಟಿಯ ಸಂದಿಯಿಂದ ತೆಗೆದುಕೊಟ್ಟಳು. ಪೆಟ್ಟಿಗೆ ಹೆಚ್ಚುಕಡಿಮೆ ತುಂಬಿತ್ತು.

"ಇದರಾಗಿನ ಕಡ್ಡಿ ಹಂಗ ಅದಾವಲ್ಲ? ಮತ್ತ ದಿನಾ ಒಲಿ ಹೆಂಗ ಹಚ್ತೀ?"

ಮಾದೇವಿ ತಲೆ ತಗ್ಗಿಸಿ ಸೆರಗಿನ ಅಂಚು ತಿರುವಿದಳು. "ಬೂದಿ ಮುಚ್ಚಿ ಇಡ್ತೀನ್ರಿ. ಮುಂಜಾನಿ ಕೆದರಿದ್ರ ಕೆಂಡ ಇರ್ತಾವ್ರಿ."

"ಆರಸು ಅಂದಿದ್ದೆ."

"ಮನಸ ಬರಲಿಲ್ರಿ ಅತ್ತಿ."

ಆ ಹೊತ್ತಿನಿಂದ ಅನಸವ್ವನಿಗೆ ನೆಮ್ಮದಿಯೆಂಬುದು ಹಾರಿಹೋಯಿತು. ತನ್ನ ಕೆಂಡ ದಾಟದಿದ್ದರೂ ಅಲ್ಲಿ ಬೇರೆಯೇ ಕೆಂಡ ಹುಟ್ಟಿ ಉಳಿದಿತ್ತು; ತಾನು ಕಾದದ್ದು ಒಂದು ಬಾಗಿಲನ್ನು, ಬೆಂಕಿ ಬಂದದ್ದು ಇನ್ನೊಂದು ಬಾಗಿಲಿನಿಂದ. ಪ್ಲೇಗು ಬೇಗ ಇಳಿಯಲಿ, ಊರಿಗೆ ಹೋಗುವಂತಾಗಲಿ ಎಂದು ಬನಶಂಕರಿಗೆ ಹರಕೆ ಹೊತ್ತಳು. ಜನ ತಮ್ಮ ಜೀವಕ್ಕಾಗಿ ಬೇಡಿಕೊಂಡರೆ ಇವಳು ಒಲೆಗಾಗಿ ಬೇಡಿಕೊಂಡಳು.

ಬೇನೆ ಇಳಿಯಿತು. ಮನೆಗಳಿಗೆ ಬಿಳಿಪುಡಿ ಹೊಡೆದು, ಸುಣ್ಣ ಬಳಿಸಿ, ಒಳಗೆ ಹೋಗಬಹುದು ಎಂದರು. ಗುಡಿಸಲು ಕೀಳುವ ದಿನ ಶ್ರೀಧರರಾವ್ ಜನರನ್ನು ಕೂಡಿಸಿ ಸರಕಾರದ ಇನ್ನೊಂದು ಮಾತು ತಿಳಿಸಿದರು. ಮಗ್ಗಗಳು ಮತ್ತೆ ಹಳಿಗೆ ಬರುವ ತನಕ, ಅಂದರೆ ಯುಗಾದಿಯವರೆಗೆ, ಒಲೆಗೆ ಒಂದು ಪಾಲು ಜೋಳ ಮುಂದುವರಿಯುತ್ತದೆ. ಅದರ ಜೊತೆಗೆ ಒಲೆಗೊಂದು ಗಂಟು ನೂಲು. ನೂಲೆಂದರೆ ಆಗ ಬಂಗಾರ. ಕಂಟ್ರೋಲಿನ ಕಾಲ, ಪೇಟೆಯಲ್ಲಿ ಕಳ್ಳದಾರಿಯಲ್ಲೂ ಸಿಗುತ್ತಿರಲಿಲ್ಲ. ಗುಂಪಿನಲ್ಲಿ ಹುರುಪು ಎದ್ದಿತು. ಗಿರಮಲ್ಲಪ್ಪ ತಮ್ಮನ ಬೆನ್ನಿಗೆ ಗುದ್ದಿದ.

ಊರೊಳಗೆ ಕಾಲಿಟ್ಟ ದಿನವೇ ಮಾದೇವಿ ಹಿತ್ತಲ ಪಡಸಾಲೆಯಲ್ಲಿ ಒಲೆ ಹೂಡತೊಡಗಿದಳು. ಕಾರಕೂನರಿಗೆ ತೋರಿಸಲು ಮೂರು ಕಲ್ಲು ಇಟ್ಟಿದ್ದರೆ ಸಾಕಿತ್ತು. ಅವಳು ಕೆಮ್ಮಣ್ಣು ಕಲಸಿ, ಹೊಟ್ಟು ಬೆರೆಸಿ, ಎರಡು ದಿನ ಕೂತು ಕೈಯಿಂದ ನೇವರಿಸಿ ನೇವರಿಸಿ ಒಲೆ ಕಟ್ಟಿದಳು. ಸೆಗಣಿ ಸಾರಿಸಿ ಮುಂದೆ ರಂಗೋಲಿ ಹಾಕಿದಳು. ಹೊಲದಿಂದ ಗಡಿಗೆಯಲ್ಲಿ ಬೂದಿ ಮುಚ್ಚಿ ತಂದ ಕೆಂಡವನ್ನು ಅದರೊಳಗೆ ಹಾಕಿದಳು. ಅನಸವ್ವ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದಳು.

ಮರುದಿನ ಮುಂಜಾನೆ ಯಾರಿಗೂ ಹೇಳದೆ ಜಮಖಂಡಿಯ ಮೋಟಾರು ಹತ್ತಿದಳು. ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿಯನ್ನು ಹಿಡಿಯುವುದು, ಬಿಡುವುದು. ಪಕ್ಕದಲ್ಲಿದ್ದ ಮುದುಕ "ಯಾರರೆ ಹೋಗ್ಯಾರೇನವಾ?" ಎಂದು ಮರುಕದಿಂದ ಕೇಳಿದ. "ಹೋಗಾಕತ್ತಾರ, ತಡಿಯಾಕ ಹೊಂಟೀನಿ," ಎಂದಳು.

ಕಚೇರಿಯ ಪಡಸಾಲೆಯಲ್ಲಿ ಶ್ರೀಧರರಾವ್ ಸಿಕ್ಕರು. ಅವರ ಸುತ್ತ ಇದ್ದವರೆಲ್ಲ ಒಲೆ ಹೆಚ್ಚಿಸಿಕೊಳ್ಳಲು ಬಂದವರು.

"ಸಾಹೇಬ್ರ, ಬನಹಟ್ಟಿ ಅನಸವ್ವರಿ. ನಮ್ಮ ಮನಿ ಎರಡು ಒಲಿ ಅಂತ ಬರದೀರಿ. ಅದು ಸುಳ್ಳರಿ. ನಮ್ಮದು ಒಂದ ಒಲಿ. ಹೊಟ್ಟಿಗಿ ಸಾಲದ ಹಂಗ ಮಾಡಿದಿವಿ. ಎರಡನೇದು ತಗದುಬಿಡ್ರಿ."

ಕಾರಕೂನರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಅನಸವ್ವ, ಊರೇ ಒಲಿ ಕೂಡಿಸ್ರಿ ಅಂತ ಬೆನ್ನು ಹತ್ತೇದ. ನೀವು ಕಳೀರಿ ಅಂತೀರಿ! ಜೋಳ ಹೋಗ್ತದ. ನೂಲೂ ಹೋಗ್ತದ. ವಿಚಾರ ಮಾಡೀರೇನು?"

"ಮಾಡೀನ್ರಿ."

"ಒಂದೇ ಒಲಿ? ನಕ್ಕೀ, ಖಾತ್ರಿ?"

"ಬನಶಂಕರವ್ವನ ಆಣಿರಿ."

"ಹಿಂದ ಉಂಡದ್ದು ಕೇಳೂದಿಲ್ಲ, ಹೋಗ್ರಿ," ಎಂದರು ಅವರು ಮೆತ್ತಗೆ. ಅಂಥ ಮಾತನ್ನು ಕೇಳಿ ಅವರಿಗೂ ಬಹಳ ದಿನವಾಗಿತ್ತೆಂದು ತೋರುತ್ತದೆ.

ತಿರುಗಿ ಬರುವಾಗ ಅನಸವ್ವನಿಗೆ ಮೈ ಹಗುರಾಗಿತ್ತು. ಸುಳ್ಳನ್ನು ಕಿತ್ತು ಹಾಕಿದ್ದಳು, ಮನೆ ಉಳಿಸಿಕೊಂಡಿದ್ದಳು. ಮನೆಗೆ ಬಂದವಳೇ ಎಲ್ಲರನ್ನೂ ಕರೆದು ನಡೆದದ್ದನ್ನು ಹೇಳಿದಳು. "ನಾಳಿಂದ ಒಂದ ಒಲಿ. ಆ ಹಿತ್ತಲದ್ದು ಕೆಡವಿಬಿಡ್ರಿ."

ಗಿರಮಲ್ಲಪ್ಪ ಹಣೆ ಹಣೆ ಬಡಿದುಕೊಂಡ. "ನೂಲ ಬೇ! ಮನಿಗಿ ಬಂದ ನೂಲ ಒದ್ದು ಬಂದೀ!" ಚನಮಲ್ಲಪ್ಪ ನೆಲ ನೋಡುತ್ತ ನಿಂತ. ಮಾತಾಡಿದವಳು, ಆ ಮನೆಯಲ್ಲಿ ಯಾರೂ ಎಣಿಸಿರದಿದ್ದ ಮಾದೇವಿ.

"ಅತ್ತಿ, ನೀವು ಖರೆ ಹೇಳಾಕಂತ ಹೋದ್ರಿ. ಆದ್ರ ಸುಳ್ಳು ಹೇಳಿ ಬಂದೀರಿ."

"ಏನಂದಿ?"

"ಹೊಲದಾಗ ಎರಡು ಅಂದದ್ದು ಸುಳ್ಳಿತ್ರಿ. ಈಗ ಒಂದು ಅಂದದ್ದು ಸುಳ್ಳರಿ." ಸೆರಗನ್ನು ಬಿಗಿದು ಸಿಕ್ಕಿಸಿಕೊಂಡಳು. "ಜೋಳ ಬ್ಯಾಡ್ರಿ, ನೂಲ ಬ್ಯಾಡ್ರಿ. ನಾ ಒಲಿ ಕೆಡವಂಗಿಲ್ರಿ."

ಅನಸವ್ವ ಗಂಡನಿಲ್ಲದೆ ಬಾಳಿದ ಹೆಂಗಸು, ಎದುರುತ್ತರಕ್ಕೆ ಹೆದರಿದವಳಲ್ಲ. ಆವತ್ತು ಮಾತ್ರ ಎದ್ದು ಬೀದಿ ಬಾಗಿಲಿಗೆ ಹೋದಳು. ಸಿಟ್ಟು ಬಂದಿತ್ತು, ಬಹಳ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಬನಶಂಕರಿಯ ಹೆಸರಿನಲ್ಲಿ ಸುಳ್ಳು ಆಣೆ ಇಟ್ಟೆನಲ್ಲ ಎಂಬುದು ಕಾಡಿತು.

ಆ ವಾರ ಒಂದೇ ಪಾಲು ಬಂತು, ಒಂದೇ ಗಂಟು ನೂಲು. ಅದು ಗಿರಮಲ್ಲಪ್ಪನ ಮಗ್ಗಕ್ಕೆ ಏರಿತು. ಚನಮಲ್ಲಪ್ಪ ಬರಿದಾದ ಮಗ್ಗದ ಧೂಳು ಝಾಡಿಸಿ ಬಸಗೊಂಡಪ್ಪನ ಮನೆಗೆ ಕೂಲಿ ನೇಯಲು ಹೋದ. ಬಸಗೊಂಡಪ್ಪನಿಗೆ ಜಗಳದ ಪುಣ್ಯದಿಂದ ಎರಡು ಗಂಟು ಬಂದಿದ್ದವು. ಮಾದೇವಿ ಅದೇ ಮನೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬರುವಳು. ಹಿತ್ತಲ ಒಲೆಯ ಹೊಗೆ ನಿಲ್ಲಲಿಲ್ಲ. ಎಣಿಸಲು ಯಾರೂ ಬರುತ್ತಿರಲಿಲ್ಲ, ಆದರೂ ಏಳುತ್ತಿತ್ತು.

ಅನಸವ್ವ ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ ನಡೆದೇ ನಡೆದಳು. ಕೆಡವಿಬಿಡಲೇ ಎಂದು ಒಂದು ಸಲ ಸನಿಕೆಯನ್ನೂ ಹಿಡಿದಳು. ಒಲೆಯ ಮಣ್ಣಿನ ಮೇಲೆ ಮಾದೇವಿಯ ಬೆರಳಿನ ಗೆರೆಗಳು ಒಣಗಿ ಮೂಡಿದ್ದವು. ಅವನ್ನು ನೋಡುತ್ತ ನಿಂತವಳಿಗೆ ಎಷ್ಟೋ ವರ್ಷಗಳಿಂದ ಮುಚ್ಚಿಟ್ಟದ್ದು ಒಮ್ಮೆಲೇ ಎದ್ದು ಬಂತು. ಮೈದುನರ ಹೆಂಡಿರು ಕೆಂಡ ಹಿಡಿದು ಹೋದ ದಿನ ಅವಳು ಅತ್ತಿದ್ದಳು. ಮನೆ ಒಡೆಯಿತೆಂದು ಅತ್ತಳು ಅಂದುಕೊಂಡಿತ್ತು ಊರು. ಅವಳೂ ಹಾಗೇ ಹೇಳಿಕೊಂಡು ಬಂದಿದ್ದಳು. ಖರೆಯೆಂದರೆ, ಹೋಗುವವರು ಅವರು, ಉಳಿಯುವವಳು ತಾನು ಎಂದು ಅತ್ತಿದ್ದಳು. ಬೋಗುಣಿ ಹಿಡಿದ ಆ ಇಬ್ಬರು ಹೆಂಗಸರ ಮುಖದಲ್ಲಿದ್ದ ಕಳೆಯನ್ನು ಕಂಡು ಹೊಟ್ಟೆ ಉರಿದುಹೋಗಿತ್ತು. ಸನಿಕೆಯನ್ನು ಗೋಡೆಗೆ ಒರಗಿಸಿದಳು.

ಒಂದು ಮಧ್ಯಾಹ್ನ ಸರಕಾರದಿಂದ ಬಂದ ಜೋಳವನ್ನು ಮೊರಕ್ಕೆ ಸುರಿದು ಸರಿಯಾಗಿ ಅರ್ಧ ಮಾಡಿದಳು. ಇಂದ್ರವ್ವ ಬಾಯಿ ತೆರೆಯುವಷ್ಟರಲ್ಲಿ ಮೊರ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಮಾದೇವಿ ಒಬ್ಬಳೇ ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಹಿರಿಯರ ಊಟ ಆಗಿರಲಿಲ್ಲ. ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿ ಮುರಿದಲ್ಲಿ ಉಗಿ ಏಳುತ್ತಿತ್ತು. ಅತ್ತೆಯನ್ನು ಕಂಡು ಗಾಬರಿಯಿಂದ ತಾಟು ಮರೆಮಾಡಿ ಏಳಹೋದಳು.

"ಏಳಬ್ಯಾಡ. ಉಣ್ಣು."

ಅನಸವ್ವ ಮೊರವನ್ನು ಅವಳ ಪಕ್ಕಕ್ಕೆ ಇಟ್ಟಳು. ಹೊಟ್ಟೆಕಿಚ್ಚಾಯಿತು. ಮದುವೆಯಾಗಿ ಬಂದಂದಿನಿಂದ ಸಾವಿರಾರು ರೊಟ್ಟಿ ಬಡಿದಿದ್ದಳು, ಹಂಚಿನಿಂದ ಇಳಿದದ್ದನ್ನು ಹಾಗೆಯೇ ಬಾಯಿಗೆ ಹಾಕಿಕೊಂಡ ನೆನಪಿಲ್ಲ.

"ನನಗೂ ಒಂದು ಕೊಡು," ಎಂದಳು.

ಮಾದೇವಿ ಸರಸರ ಹಿಟ್ಟು ನಾದಿ, ತಟ್ಟಿ, ಬೇಯಿಸಿ ಅತ್ತೆಯ ಕೈಗೆ ಕೊಟ್ಟಳು. ಬೆರಳು ಸುಟ್ಟಿತು. ಅನಸವ್ವ ಬಿಡದೆ ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತ ತಿಂದಳು. ಕಣ್ಣಲ್ಲಿ ನೀರು ಬಂತು. ಹೊಗೆ ಅನ್ನಲಿಲ್ಲ, ಮೆಣಸಿನಕಾಯಿ ಅನ್ನಲಿಲ್ಲ.

"ನಾಳಿಗಿ ಮುಂಜಾನಿ ಮೋಟಾರಿಗಿ ಜಮಖಂಡಿಗಿ ಹೋಗ್ತೀನಿ," ಎಂದಳು ತುತ್ತು ನುಂಗಿ. "ನಮ್ಮದು ಎರಡು ಒಲಿ ಅಂತ ಹೇಳಿ ಬರ್ತೀನಿ."

"ಆಣಿ ಮಾಡಿ ಬಂದೀರಿ, ಅತ್ತಿ. ಸಾಹೇಬ್ರು ಈಗ ನಂಬ್ತಾರೇನ್ರಿ?"

"ನಂಬದಿದ್ರ ಬೈಲಿ, ಮಂದಿ ಮುಂದ ಮಾನ ತಗೀಲಿ. ಹೇಳಿ ಬರ್ತೀನಿ." ಅನಸವ್ವ ಹಂಚಿನ ಕಡೆ ಕೈ ತೋರಿಸಿದಳು. "ಇನ್ನೊಂದು ಬಡಿ. ನಿನಗ."